ಸಿಕ್ಕಷ್ಟು ತೆಗೆದುಕೋ, ಉಳಿದದ್ದು ಕೇಳುತ್ತಿರು

ತಮ್ಮಾ, ಸಾರ್ವಜನಿಕ ಕೆಲಸಕ್ಕೆ ಇಳಿಯುತ್ತೇನೆ ಅನ್ನುತ್ತೀಯ. ಕೇಳಿದ್ದು ಪೂರ್ತಿ ಸಿಗದಿದ್ದರೆ ಯಾಕೆ ಬೇಕು ಅಂತಲೂ ಅನ್ನುತ್ತೀಯ. ಹಾಗಾದರೆ ಅಮೆರಿಕದ ಜಾನ್ ಡಿಂಗೆಲ್ ವಿಚಾರ ನಿನಗೆ ತಿಳಿದಿರಲಿ. ಅಲ್ಲಿನ ಸಂಸತ್ತಿನಲ್ಲಿ ಇವರಷ್ಟು ಕಾಲ ಇದ್ದವರು ಇನ್ನೊಬ್ಬರಿಲ್ಲ. 1955ರ ಡಿಸೆಂಬರಿನಿಂದ 2015ರ ಜನವರಿವರೆಗೆ, 59 ವರ್ಷ.

ಸೀಟು ಅಪ್ಪನದು. ಅಪ್ಪನ ನಂತರ ಮಗ, ಮಗನ ನಂತರ ಸೊಸೆ. ವಂಶ ರಾಜಕಾರಣ ನಮ್ಮೊಬ್ಬರ ಸೊತ್ತಲ್ಲ ಬಿಡು! ಆದರೆ ಅಪ್ಪ ಒಂದು ಮಸೂದೆಯನ್ನೂ ಬಿಟ್ಟುಹೋಗಿದ್ದರು. ದೇಶಕ್ಕೆಲ್ಲ ಆರೋಗ್ಯ ವಿಮೆ ಬೇಕೆಂದು ಇಬ್ಬರು ಸೆನೆಟರುಗಳ ಜೊತೆ ಸೇರಿ 1943ರಲ್ಲಿ ತಂದದ್ದು, ಪಾಸಾಗಿರಲಿಲ್ಲ. 29ರ ವಯಸ್ಸಿಗೆ ಗೆದ್ದು ಬಂದ ಮಗ, ಎರಡು ವರ್ಷಕ್ಕೊಮ್ಮೆ ಹೊಸ ಸದನ ಕೂಡಿದಾಗಲೆಲ್ಲ ಅಂಥದೇ ಮಸೂದೆ ಮಂಡಿಸಿದರು. ಬೀಳುತ್ತದೆ ಅಂತ ಗೊತ್ತಿದ್ದೇ ಮಂಡಿಸಿದರು.

ನೀನು ಗಮನಿಸಬೇಕಾದದ್ದು 1965ನ್ನು. ಆ ವರ್ಷ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಬಂತು, ಮುಖ್ಯವಾಗಿ 65 ದಾಟಿದವರಿಗೆ. ಎಲ್ಲರಿಗೂ ಎಂದಿದ್ದ ಅಪ್ಪನ ಕನಸಿನ ಮುಂದೆ ಅದು ತುಂಡು. ಕೆಳಮನೆಯಲ್ಲಿ ಅದು ಪಾಸಾದಾಗ ಸಭಾಪತಿ ಪೀಠದಲ್ಲಿ ಕೂತು ಸುತ್ತಿಗೆ ಬಡಿದವರು ಇದೇ ಡಿಂಗೆಲ್. ತುಂಡು ಎಂದು ದೂರ ಸರಿಯಲಿಲ್ಲ. ಸಿಕ್ಕಿತಲ್ಲ ಎಂದು ಸುಮ್ಮನಾಗಲೂ ಇಲ್ಲ. ಮುಂದಿನ ಸದನದಲ್ಲಿ ಅದೇ ಹಳೆಯ ಬೇಡಿಕೆ. ನಿನ್ನ ವಯಸ್ಸಿನವರಿಗೆ ಮೊದಲನೆಯದು ಕಷ್ಟ, ನನ್ನ ವಯಸ್ಸಿನವರಿಗೆ ಎರಡನೆಯದು.

ದೇವರ ಪಟ ಮಾಡಿ ಗೋಡೆಗೆ ತೂಗುಹಾಕು ಅನ್ನುತ್ತಿಲ್ಲ. ಅಳಿವಿನಂಚಿನ ಜೀವಿಗಳ ರಕ್ಷಣೆಗೆ 1973ರ ಕಾಯ್ದೆ ಬರೆದ ಮನುಷ್ಯನೇ, ಕಾರಿನ ಹೊಗೆಗೆ ಕಡಿವಾಣ ಹಾಕುವ ಮಾತು ಬಂದಾಗ ಡೆಟ್ರಾಯಿಟ್ ಕಂಪನಿಗಳ ಪರ ವಕಾಲತ್ತು ವಹಿಸುತ್ತಿದ್ದರು. ಕ್ಷೇತ್ರದ ಜನರ ಅನ್ನ ಆ ಕಾರ್ಖಾನೆಗಳಲ್ಲಿತ್ತು, ನಿಜ. ಆದರೂ ಅಲ್ಲಿ ಅವರು ತಪ್ಪಿದರು ಅಂತಲೇ ನನ್ನ ಅಭಿಪ್ರಾಯ. 2008ರಲ್ಲಿ ಸ್ವಪಕ್ಷದವರೇ ಮತ ಹಾಕಿ, ಇವರ ಕೈಯಲ್ಲಿದ್ದ ಇಂಧನ ಮತ್ತು ವಾಣಿಜ್ಯ ಸಮಿತಿಯ ಅಧ್ಯಕ್ಷಗಿರಿಯನ್ನು ಕಿತ್ತು ಅದೇ ಪಕ್ಷದ ಹೆನ್ರಿ ವ್ಯಾಕ್ಸ್‌ಮನ್‌ಗೆ ಕೊಟ್ಟರು.

ಮುನಿಸಿಕೊಂಡು ಮನೆ ಸೇರಬಹುದಿತ್ತು, ವಯಸ್ಸು 82. ಸೇರಲಿಲ್ಲ. 2010ರ ಮಾರ್ಚಿನಲ್ಲಿ ಒಬಾಮ ಕಾಲದ ಆರೋಗ್ಯ ಕಾಯ್ದೆ ಪಾಸಾದಾಗ ಸ್ಪೀಕರ್ ನ್ಯಾನ್ಸಿ ಪೆಲೋಸಿ ಬಡಿದದ್ದು 1965ರ ಆ ಸುತ್ತಿಗೆಯನ್ನೇ. ಆ ಕಾಯ್ದೆಯ ಹೊರಗೂ ಲಕ್ಷಾಂತರ ಜನ ಉಳಿದರು. ನವೆಂಬರಿನಲ್ಲಿ ಡಿಂಗೆಲ್ ಮತ್ತೆ ಚುನಾವಣೆಗೆ ನಿಂತು ಗೆದ್ದರು.