ಬೆಳೆಗೂ ಗಿಡಕ್ಕೂ ಕೇಡು ಮಾಡಿದರೆ ಶಿಕ್ಷೆ ಏನು?

ಐದಾರು ವರ್ಷ ನೀರೆರೆದು ಬೆಳೆಸಿದ ಅಡಿಕೆ ಗಿಡಗಳನ್ನು ಒಂದೇ ರಾತ್ರಿಯಲ್ಲಿ ಕಡಿದು ಹಾಕುವುದು, ಹುಲ್ಲಿನ ಬಣವೆಗೆ ಬೆಂಕಿಯಿಡುವುದು, ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸುವುದು, ಬಾಂದುಗಲ್ಲು ಕೀಳುವುದು, ಇವೆಲ್ಲ ಹಳ್ಳಿಗಳಲ್ಲಿ ದ್ವೇಷ ತೀರಿಸಿಕೊಳ್ಳುವ ಹಳೆಯ ದಾರಿಗಳು. ನಷ್ಟಕ್ಕೊಳಗಾದ ರೈತ ಠಾಣೆಗೆ ಹೋಗಿ, ‘ಯಾರೋ ಗಿಡ ಕಡಿದಿದ್ದಾರೆ, ಕ್ರಮ ಕೈಗೊಳ್ಳಿ’ ಎಂದು ಎರಡು ಸಾಲು ಬರೆದುಕೊಟ್ಟು ಬರುತ್ತಾನೆ. ಆ ಎರಡು ಸಾಲಿನಲ್ಲಿ ಏನಿದೆ, ಏನಿಲ್ಲ ಎಂಬುದರ ಮೇಲೆ ಮುಂದಿನ ಪ್ರಕರಣವೆಲ್ಲ ನಿಂತಿರುತ್ತದೆ. ಆದುದರಿಂದ ಈ ವಿಷಯದಲ್ಲಿ ಕಾನೂನು ಹೇಳುವುದನ್ನು ರೈತರೂ ಅವರಿಗೆ ಸಲಹೆ ನೀಡುವ ಕಾರ್ಯಕರ್ತರೂ ತಿಳಿದಿರುವುದು ಅಗತ್ಯ.

ಯಾವುದು ಅಪರಾಧ, ಯಾವುದು ಅಲ್ಲ

2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ, 2023 ಜಾರಿಯಲ್ಲಿದೆ. ಆ ದಿನಕ್ಕೆ ಮೊದಲು ನಡೆದ ಕೃತ್ಯಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ. ಹೊಸ ಸಂಹಿತೆಯ 324ನೆಯ ಕಲಂ ಆಸ್ತಿಗೆ ಮಾಡುವ ಕೇಡಿಗೆ ಸಂಬಂಧಿಸಿದ್ದು. ಇನ್ನೊಬ್ಬರಿಗೆ ಅನ್ಯಾಯವಾಗಿ ನಷ್ಟವಾಗಲಿ ಎಂಬ ಉದ್ದೇಶದಿಂದ, ಅಥವಾ ನಷ್ಟವಾಗುತ್ತದೆಂದು ತಿಳಿದೂ, ಆಸ್ತಿಯನ್ನು ನಾಶಮಾಡಿದರೆ ಅಥವಾ ಅದರ ಬೆಲೆ ಇಲ್ಲವೆ ಉಪಯೋಗ ಕುಗ್ಗುವಂತೆ ಮಾಡಿದರೆ ಅದು ಅಪರಾಧ.

ಇಲ್ಲಿ ‘ಉದ್ದೇಶ’, ‘ತಿಳಿವಳಿಕೆ’ ಎಂಬ ಮಾತುಗಳೇ ಮುಖ್ಯ. ಬೇಕೆಂದೇ ದನಗಳನ್ನು ಪರರ ಹೊಲಕ್ಕೆ ನುಗ್ಗಿಸಿ ಬೆಳೆ ಮೇಯಿಸುವುದನ್ನು ಕಲಮಿನ ಕೆಳಗಿನ ದೃಷ್ಟಾಂತವೊಂದರಲ್ಲಿಯೇ ಅಪರಾಧವೆಂದು ಹೇಳಿದೆ. ಆದರೆ ಹಗ್ಗ ಹರಿದುಕೊಂಡು ತಾನಾಗಿ ನುಗ್ಗಿದ ದನದಿಂದ ಅಷ್ಟೇ ಬೆಳೆ ಹಾಳಾದರೂ ಒಡೆಯನ ಮೇಲೆ ಈ ಆರೋಪ ನಿಲ್ಲದು. ಅಂಥ ದನವನ್ನು ಹಿಡಿದು ದೊಡ್ಡಿಗೆ ಹೊಡೆಯಲು ದನಗಳ ಅತಿಕ್ರಮ ಪ್ರವೇಶದ ಕಾನೂನಿನಲ್ಲಿ ಅವಕಾಶವಿದೆ. ನಷ್ಟಕ್ಕೆ ಸಿವಿಲ್ ದಾವೆಯ ದಾರಿಯೂ ಉಂಟು.

ಸಿಟ್ಟಿನ ಭರದಲ್ಲಿ ರೈತ ಎಡವುವುದು ಇಲ್ಲಿಯೇ. ಬೆಳೆ ತಿಂದ ದನಕ್ಕೆ ವಿಷವಿಕ್ಕಿದರೆ, ಕಾಲು ಮುರಿದರೆ, 325ನೆಯ ಕಲಮಿನಂತೆ 5 ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದು. ಹಳೆಯ ಸಂಹಿತೆಯಲ್ಲಿ ಪ್ರಾಣಿಯ ಜಾತಿ, ಬೆಲೆ ನೋಡಿ ಶಿಕ್ಷೆ ಹೇಳಿತ್ತು. ಈಗ ಆ ಭೇದವಿಲ್ಲ. ದನದ ಒಡೆಯ ಆರೋಪಿಯೇ ಅಲ್ಲ, ಬೆಳೆ ಕಳೆದುಕೊಂಡವನೇ ಆರೋಪಿ ಎಂಬಂತಾಗುತ್ತದೆ. ಬೇಲಿಗೆ ವಿದ್ಯುತ್ ಹರಿಸುವುದಂತೂ ಇನ್ನೂ ಕೆಟ್ಟದ್ದು. ದಾರಿತಪ್ಪಿದ ಮನುಷ್ಯನೊಬ್ಬ ಸತ್ತರೆ ಅದು ಬೆಳೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಪಾಲಾಗದ ತೋಟದ ಬಗೆಗೂ ಒಂದು ಮಾತು. ‘ನನ್ನದೇ ತೋಟ, ನಾನು ಕಡಿದರೆ ಯಾರೇನು ಕೇಳುವುದು?’ ಎಂದು ಅಣ್ಣತಮ್ಮಂದಿರಲ್ಲಿ ಒಬ್ಬ ಮರ ಉರುಳಿಸುವುದುಂಟು. ಜಂಟಿ ಆಸ್ತಿಯಾದರೂ ಇನ್ನೊಬ್ಬ ಪಾಲುದಾರನಿಗೆ ನಷ್ಟ ಮಾಡುವ ಉದ್ದೇಶವಿದ್ದರೆ ಅದೂ ಕೇಡೇ. ಇದಕ್ಕೆ ವಿರುದ್ಧವಾಗಿ, ಗಡಿಯ ಮರ ತನ್ನದೇ ಎಂದು ಪ್ರಾಮಾಣಿಕವಾಗಿ ನಂಬಿ, ನಂಬಲು ಆಧಾರವೂ ಇದ್ದು ಕಡಿದವನ ಮೇಲೆ ಕ್ರಿಮಿನಲ್ ಆರೋಪ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅದು ಸಿವಿಲ್ ವ್ಯಾಜ್ಯ. ಅಳತೆ ಮಾಡಿಸಿ ತೀರಿಸಿಕೊಳ್ಳಬೇಕು.

ನಷ್ಟದ ಮೊತ್ತವೇ ನಿರ್ಣಾಯಕ

ಸಾಮಾನ್ಯ ಕೇಡಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ. ನಷ್ಟ 20,000 ರೂಪಾಯಿ ಮುಟ್ಟಿ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಸೆರೆವಾಸ 2 ವರ್ಷಗಳವರೆಗೆ. 1 ಲಕ್ಷ ಅಥವಾ ಅದಕ್ಕೂ ಮೀರಿದರೆ 5 ವರ್ಷಗಳವರೆಗೆ. ಸರ್ಕಾರದ ಅಥವಾ ಪಂಚಾಯತಿಯ ಆಸ್ತಿಯಾದರೆ ನಷ್ಟ 20,000ಕ್ಕಿಂತ ಕಡಿಮೆಯಿದ್ದರೂ 1 ವರ್ಷದವರೆಗೆ. ಹಳೆಯ ಸಂಹಿತೆಯಲ್ಲಿ 2 ವರ್ಷದ ಶಿಕ್ಷೆಗೆ 50 ರೂಪಾಯಿ ನಷ್ಟವಾದರೆ ಸಾಕಿತ್ತು. 1860ರಲ್ಲಿ 50 ರೂಪಾಯಿ ದೊಡ್ಡ ಮೊತ್ತ, ನಿಜ. ಆದರೆ ಆ ಗೆರೆ 20,000ಕ್ಕೆ ಏರಿದ್ದರಿಂದ ಸಣ್ಣ ರೈತನ ಸಣ್ಣ ನಷ್ಟ ಈಗ ಅತಿ ಕಡಿಮೆ ಶಿಕ್ಷೆಯ ಗುಂಪಿಗೆ ಸೇರುತ್ತದೆ. ಹೀಗಾಗಿ ನಷ್ಟವನ್ನು ಸರಿಯಾಗಿ ಲೆಕ್ಕ ಹಾಕಿಸುವ ಅಗತ್ಯ ಮೊದಲಿಗಿಂತ ಹೆಚ್ಚಾಗಿದೆ.

ಕಡಿದ ಗಿಡವನ್ನು ಸೌದೆಯ ಲೆಕ್ಕದಲ್ಲಿ ನೋಡಬಾರದು. ಗಿಡಗಳ ಸಂಖ್ಯೆ, ತಳಿ, ವಯಸ್ಸು, ಫಲಕ್ಕೆ ಬಂದಿತ್ತೇ ಎಂಬುದನ್ನು ಬರೆಯಿಸಿ, ತೋಟಗಾರಿಕೆ ಅಥವಾ ಕೃಷಿ ಇಲಾಖೆಯ ಅಧಿಕಾರಿಯಿಂದ ಸ್ಥಳ ಪರಿಶೀಲಿಸಿದ ಅಂದಾಜು ಪತ್ರ ಪಡೆಯಬೇಕು. ವಿಸ್ತರಣಾ ಕಾರ್ಯಕರ್ತರು ನೆರವಾಗಬಹುದಾದ ಮುಖ್ಯ ಕೆಲಸ ಇದೇ. ಪೊಲೀಸರು ಮಹಜರು ಮಾಡುವವರೆಗೆ ಬುಡಗಳನ್ನು ಕೀಳದೆ, ನೆಲ ಉಳದೆ ಬಿಡಬೇಕು. ಕಳೆನಾಶಕ ಸಿಂಪಡಿಸಿದ ಅನುಮಾನವಿದ್ದರೆ ಎಲೆಗಳು ಒಣಗಿ ಉದುರುವ ಮೊದಲೇ ಚಿತ್ರ ತೆಗೆಸಿಡಬೇಕು. ತಡವಾದರೆ ರೋಗವೆಂದು ವಾದಿಸಲು ಎದುರಾಳಿಗೆ ಸುಲಭ.

ನೀರು, ಕಲ್ಲು, ಬೆಂಕಿ

ಇವು ಮೂರೂ 326ನೆಯ ಕಲಮಿಗೆ ಸೇರಿವೆ. ವ್ಯವಸಾಯದ ಅಥವಾ ಕುಡಿಯುವ ನೀರಿನ ಸರಬರಾಜು ಕುಗ್ಗುವಂತೆ ಕಾಲುವೆ ಒಡೆದರೆ, ತೂಬು ಕೆಡಿಸಿದರೆ 5 ವರ್ಷಗಳವರೆಗೆ. ಸರ್ಕಾರದ ಅಧಿಕಾರದಿಂದ ನೆಟ್ಟ ಬಾಂದುಗಲ್ಲನ್ನು ಕಿತ್ತರೆ ಅಥವಾ ಸರಿಸಿದರೆ 1 ವರ್ಷದವರೆಗೆ. ಬೆಂಕಿಯ ವಿಷಯದಲ್ಲಿ ಕಾನೂನು ಬಹಳ ಕಠಿಣ. ಬಣವೆ, ಕಣದ ರಾಶಿಯಂಥ ಬೆಳೆ ಸುಟ್ಟರೆ 7 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ. ವಾಸದ ಮನೆಯನ್ನಾಗಲಿ ದಾಸ್ತಾನಿನ ಉಗ್ರಾಣವನ್ನಾಗಲಿ ನಾಶಮಾಡಲು ಬೆಂಕಿಯಿಟ್ಟರೆ 10 ವರ್ಷಗಳವರೆಗೆ ಸೆರೆವಾಸ ಅಥವಾ ಜೀವಾವಧಿ, ಜೊತೆಗೆ ದಂಡ.

ಠಾಣೆಯಲ್ಲಿ

1 ಲಕ್ಷಕ್ಕಿಂತ ಕಡಿಮೆ ನಷ್ಟದ ಸಾಮಾನ್ಯ ಕೇಡು ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಇಂಥ ದೂರಿಗೆ ‘ನ್ಯಾಯಾಲಯಕ್ಕೆ ಹೋಗಿ’ ಎಂದು ಹಿಂಬರಹ ಕೊಡುವುದು ಇದೇ ಕಾರಣಕ್ಕೆ. ಆದರೆ ಗಿಡ ಕಡಿಯಲು ರಾತ್ರಿ ತೋಟಕ್ಕೆ ನುಗ್ಗಿದವನು ಕ್ರಿಮಿನಲ್ ಅತಿಕ್ರಮ ಪ್ರವೇಶವನ್ನೂ ಮಾಡಿರುತ್ತಾನೆ. 329ನೆಯ ಕಲಮಿನ ಈ ಅಪರಾಧ ಸಂಜ್ಞೇಯ. ಒಂದು ಪ್ರಕರಣದಲ್ಲಿ ಒಂದು ಸಂಜ್ಞೇಯ ಅಪರಾಧವಿದ್ದರೂ ಇಡೀ ಪ್ರಕರಣವನ್ನು ಪೊಲೀಸರು ತನಿಖೆ ಮಾಡಬಹುದು. ಆದ್ದರಿಂದ ಕಡಿದದ್ದನ್ನು ಮಾತ್ರವಲ್ಲ, ಬೇಲಿ ದಾಟಿ ಒಳನುಗ್ಗಿದ್ದನ್ನೂ ದೂರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿ ದೂರುದಾರನಿಗೆ ಉಚಿತ. ಸಂಜ್ಞೇಯ ಅಪರಾಧವಾಗಿದ್ದೂ ಠಾಣೆಯಲ್ಲಿ ದೂರು ದಾಖಲಿಸದಿದ್ದರೆ ಅದನ್ನು ಜಿಲ್ಲಾ ಪೊಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಕಳುಹಿಸಬಹುದು.

ಪರಿಹಾರ ತಾನಾಗಿ ಬರುವುದಿಲ್ಲ. ಆರೋಪಿಗೆ ದಂಡ ವಿಧಿಸಿದಾಗ ಅದರ ಎಲ್ಲವನ್ನೂ ಅಥವಾ ಒಂದು ಭಾಗವನ್ನು ನಷ್ಟವಾದವನಿಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಅಂದಾಜು ಪತ್ರ ಅಲ್ಲಿಯೂ ಬೇಕಾಗುತ್ತದೆ. ಖಾಸಗಿಯವರಿಗಷ್ಟೇ ಆದ ಸಣ್ಣ ನಷ್ಟದ ಪ್ರಕರಣವನ್ನು ಉಭಯತ್ರರು ರಾಜಿ ಮಾಡಿಕೊಳ್ಳಲೂ ಕಾನೂನಿನಲ್ಲಿ ಅವಕಾಶವಿದೆ. ಆದರೆ ರಾಜಿಯ ಮಾತುಕತೆ ನಡೆಯುತ್ತಿದೆಯೆಂದು ದೂರನ್ನು ಮುಂದೂಡುತ್ತ ಹೋಗಬಾರದು. 6 ತಿಂಗಳ ಶಿಕ್ಷೆಯ ಸಾಮಾನ್ಯ ಕೇಡಿನ ಪ್ರಕರಣವನ್ನು ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಲು ಇರುವ ಅವಧಿ 1 ವರ್ಷ ಮಾತ್ರ.