ರೋಗಾಣು ಒಂದೇ, ರೋಗದ ರೂಪ ಬೇರೆ ಬೇರೆ



ರೋಗಾಣು ಮೈಯೊಳಗೆ ಹೊಕ್ಕರೆ ರೋಗ ಬರುತ್ತದೆ ಎಂದು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಹಾಗಾದರೆ ಒಂದೇ ರೋಗಾಣು ಹೊಕ್ಕ ಇಬ್ಬರಿಗೆ ಒಂದೇ ತರಹದ ರೋಗ ಬರಬೇಕು, ಅಲ್ವಾ? ಕುಷ್ಠರೋಗದಲ್ಲಿ ಹಾಗಾಗುವುದಿಲ್ಲ.

ಇಬ್ಬರು ರೋಗಿಗಳನ್ನು ಊಹಿಸಿಕೊಳ್ಳಿ. ಮೊದಲನೆಯವರ ತೋಳಿನ ಮೇಲೆ ಒಂದೇ ಒಂದು ಮಚ್ಚೆ. ಅದರ ಅಂಚು ಸ್ಪಷ್ಟ, ಬಣ್ಣ ಸುತ್ತಲಿನ ಚರ್ಮಕ್ಕಿಂತ ಮಾಸಲು. ಅಲ್ಲಿ ಮುಟ್ಟಿದರೆ ಅವರಿಗೆ ಗೊತ್ತಾಗುವುದಿಲ್ಲ. ಚರ್ಮದಲ್ಲಿ ಸಣ್ಣ ಗೀರು ಹಾಕಿ ತೆಗೆದ ದ್ರವವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗಾಣು ಕಾಣಿಸುವುದೇ ಇಲ್ಲ. ಎರಡನೆಯವರಿಗೆ ಮೈಮೇಲೆ ತುಂಬ ಮಚ್ಚೆ, ಗಂಟು. ಕಿವಿಯ ಹಾಲೆ ದಪ್ಪವಾಗಿದೆ, ಹುಬ್ಬಿನ ಕೂದಲು ಉದುರಿದೆ. ಅವರ ಚರ್ಮದ ಒಂದು ಗ್ರಾಂ ತೂಕದಲ್ಲಿ 100 ಕೋಟಿಗೂ ಹೆಚ್ಚು ರೋಗಾಣುಗಳು ಇರಬಹುದು. ಇಬ್ಬರಿಗೂ ರೋಗ ತಂದದ್ದು ಒಂದೇ ಬ್ಯಾಕ್ಟೀರಿಯಾ. ಮತ್ತೆ ಇಷ್ಟು ವ್ಯತ್ಯಾಸ ಯಾಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದ ಚರ್ಮವಿಜ್ಞಾನಿಗಳು ನಮ್ಮ ದೇಹದ ರಕ್ಷಣಾ ವ್ಯವಸ್ಥೆಯ ಬಗ್ಗೆಯೇ ಬಹಳ ಕಲಿತರು.

ಸೋಮಾರಿ ರೋಗಾಣು

ಮೊದಲು ರೋಗಾಣುವಿನ ಪರಿಚಯ ಮಾಡಿಕೊಳ್ಳೋಣ. 1873ರಲ್ಲಿ ನಾರ್ವೆ ದೇಶದ ಬರ್ಗನ್ ನಗರದಲ್ಲಿ ಗೆರ್ಹಾರ್ಡ್ ಅರ್ಮೌರ್ ಹ್ಯಾನ್ಸನ್ ಎಂಬ ವೈದ್ಯರು ಇದನ್ನು ಕಂಡುಹಿಡಿದರು. ಮನುಷ್ಯರ ರೋಗವೊಂದಕ್ಕೆ ಕಾರಣವೆಂದು ಗುರುತಿಸಿದ ಮೊದಮೊದಲ ಬ್ಯಾಕ್ಟೀರಿಯಾಗಳಲ್ಲಿ ಇದೂ ಒಂದು. ಕ್ಷಯರೋಗದ ಬ್ಯಾಕ್ಟೀರಿಯಾ ಗೊತ್ತಾದದ್ದು ಇದಾಗಿ ಒಂಬತ್ತು ವರ್ಷಕ್ಕೆ. ಕುಷ್ಠ ಪಾಪದ ಫಲ, ಶಾಪದ ಫಲ, ವಂಶದಲ್ಲಿ ಬರುವುದು ಎಂಬ ಮಾತುಗಳಿಗೆ ವಿಜ್ಞಾನ ಅಂದೇ ಉತ್ತರ ಕೊಟ್ಟಿತು. ಈ ಕಡ್ಡಿಯಾಕಾರದ ಜೀವಿಯ ಹೆಸರು ಮೈಕೋಬ್ಯಾಕ್ಟೀರಿಯಂ ಲೆಪ್ರೆ.

ಇದರ ಸ್ವಭಾವ ವಿಚಿತ್ರ. ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ ಅನುಕೂಲವಿದ್ದರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಇದಕ್ಕೆ ಸುಮಾರು ಎರಡು ವಾರ ಬೇಕು! ಅದಕ್ಕೇ ರೋಗಾಣು ಹೊಕ್ಕ ಮೇಲೆ ಲಕ್ಷಣ ಕಾಣಲು ಸರಾಸರಿ ಐದು ವರ್ಷ, ಕೆಲವರಲ್ಲಿ 20 ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಇದಕ್ಕೆ ತಂಪು ಇಷ್ಟ. ದೇಹದ ಒಳಗಿನ 37 ಡಿಗ್ರಿ ಶಾಖಕ್ಕಿಂತ ಸ್ವಲ್ಪ ತಣ್ಣಗಿರುವ ಚರ್ಮ, ಮೂಗು, ಕಿವಿಯ ಹಾಲೆ ಮತ್ತು ಚರ್ಮಕ್ಕೆ ಹತ್ತಿರ ಹಾದುಹೋಗುವ ನರಗಳು ಇದರ ವಾಸಸ್ಥಾನ.

ಪ್ರಯೋಗಾಲಯದ ತಟ್ಟೆಯಲ್ಲಿ ಆಹಾರವಿಟ್ಟು ಇದನ್ನು ಬೆಳೆಸಲು ಇವತ್ತಿಗೂ ಆಗಿಲ್ಲ. 1960ರಲ್ಲಿ ಇಲಿಯ ಪಾದದಲ್ಲಿ, 1971ರಲ್ಲಿ ಅಮೆರಿಕದ ಆರ್ಮಡಿಲೊ ಎಂಬ ಪ್ರಾಣಿಯಲ್ಲಿ ಇದನ್ನು ಬೆಳೆಸಿದರು. ಆರ್ಮಡಿಲೊಗೆ ನಮ್ಮ ಚಿಪ್ಪುಹಂದಿಯ ಹಾಗೆ ಮೈಮೇಲೆ ಕವಚವಿದೆ, ಅದರ ಮೈಶಾಖವೂ ಕಡಿಮೆ. 2001ರಲ್ಲಿ ಈ ರೋಗಾಣುವಿನ ಸಂಪೂರ್ಣ ಜೀನ್ ನಕ್ಷೆ ಪ್ರಕಟವಾಯಿತು. ಅದಕ್ಕೆ ಬಳಸಿದ ತಳಿ ಸಿಕ್ಕಿದ್ದು ತಮಿಳುನಾಡಿನ ಒಬ್ಬ ರೋಗಿಯಿಂದ. ಅದರಲ್ಲಿ ಕೆಲಸ ಮಾಡುವ ಜೀನ್‌ಗಳು ಸುಮಾರು 1,600 ಇದ್ದರೆ, ಕೆಟ್ಟು ಕೂತ ಜೀನ್‌ಗಳು 1,100ಕ್ಕೂ ಹೆಚ್ಚು. ಬೇರೆ ದೇಶಗಳ ತಳಿಗಳನ್ನು ಇದರ ಜೊತೆ ಹೋಲಿಸಿದಾಗ ಅವೆಲ್ಲ ಬಹುತೇಕ ಒಂದೇ ಎಂದು ತಿಳಿಯಿತು. ಅಂದರೆ ನಮ್ಮ ಇಬ್ಬರು ರೋಗಿಗಳ ನಡುವಿನ ವ್ಯತ್ಯಾಸಕ್ಕೆ ರೋಗಾಣು ಕಾರಣವಲ್ಲ. ಕಾರಣವನ್ನು ದೇಹದಲ್ಲೇ ಹುಡುಕಬೇಕು.

ಕಣಜದೊಳಗಿನ ಇಲಿ

ನಮ್ಮ ದೇಹದಲ್ಲಿ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳಿವೆ. ಸಿಕ್ಕಿದ ರೋಗಾಣುವನ್ನು ನುಂಗಿ ಜೀರ್ಣಿಸುವುದು ಅವುಗಳ ಕೆಲಸ. ಕುಷ್ಠದ ರೋಗಾಣುವನ್ನೂ ಅವು ನುಂಗುತ್ತವೆ. ಆದರೆ ಅದು ಸಾಯದೆ, ನುಂಗಿದ ಕೋಶದೊಳಗೇ ಮನೆ ಮಾಡಿಕೊಳ್ಳುತ್ತದೆ.

ರಕ್ತದಲ್ಲಿ ಓಡಾಡುವ ಪ್ರತಿಕಾಯಗಳು ಇದನ್ನು ಹಿಡಿಯಬಾರದೇ ಎಂದು ನೀವು ಕೇಳಬಹುದು. ಪ್ರತಿಕಾಯ ಕೆಲಸ ಮಾಡುವುದು ಕೋಶದ ಹೊರಗೆ. ಇಲಿ ಕಣಜದೊಳಗೆ ಸೇರಿಕೊಂಡಿರುವಾಗ ಅಂಗಳದಲ್ಲಿ ಹತ್ತು ಬೆಕ್ಕು ಬಿಟ್ಟರೆ ಏನು ಪ್ರಯೋಜನ? ನಮ್ಮ ಎರಡನೆಯ ರೋಗಿಯ ರಕ್ತದಲ್ಲಿ ಪ್ರತಿಕಾಯಗಳು ಬೇಕಾದಷ್ಟಿರುತ್ತವೆ, ಆದರೂ ರೋಗ ತಗ್ಗುವುದಿಲ್ಲ.

ಇಲ್ಲಿ ಬೇಕಾದದ್ದು ಇನ್ನೊಂದು ಬಗೆಯ ರಕ್ಷಣೆ. ಟಿ ಕೋಶ ಎಂಬ ಬಿಳಿ ರಕ್ತಕಣ ರೋಗಾಣುವಿನ ಗುರುತು ಹಿಡಿದು, ಇಂಟರ್‌ಫೆರಾನ್ ಗಾಮಾ ಎಂಬ ಪ್ರೋಟೀನನ್ನು ಬಿಡುಗಡೆ ಮಾಡುತ್ತದೆ. ಇದು ಮ್ಯಾಕ್ರೋಫೇಜ್‌ಗೆ ಹೋಗುವ ಸಂದೇಶ: "ನಿನ್ನೊಳಗೆ ಶತ್ರು ಇದ್ದಾನೆ, ಏಳು!" ಸಂದೇಶ ಸಿಕ್ಕಿದ ಮ್ಯಾಕ್ರೋಫೇಜ್ ಚುರುಕಾಗಿ ಒಳಗಿರುವ ರೋಗಾಣುವನ್ನು ಕೊಲ್ಲುತ್ತದೆ. ಕೋಶಗಳ ನಡುವೆ ಓಡಾಡುವ ಇಂಥ ಸಂದೇಶವಾಹಕಗಳಿಗೆ ಸೈಟೊಕೈನ್ ಎಂದು ಹೆಸರು.

ಚರ್ಮದ ಚೂರು ಹೇಳಿದ ಕಥೆ

1919ರಲ್ಲಿ ಜಪಾನಿನ ಕೆನ್ಸುಕೆ ಮಿತ್ಸುದಾ ಅವರು ಸತ್ತ ರೋಗಾಣುಗಳನ್ನು ರೋಗಿಗಳ ಚರ್ಮಕ್ಕೆ ಚುಚ್ಚಿದಾಗ ಏನಾಗುತ್ತದೆ ಎಂದು ವರದಿ ಮಾಡಿದರು. ಮೂರು ನಾಲ್ಕು ವಾರ ಕಳೆದ ಮೇಲೆ, ಮೊದಲನೆಯ ಬಗೆಯ ರೋಗಿಗಳಲ್ಲಿ ಚುಚ್ಚಿದ ಕಡೆ ಸಣ್ಣ ಗಂಟು ಎದ್ದಿತು. ಎರಡನೆಯ ಬಗೆಯವರಲ್ಲಿ ಏನೂ ಆಗಲಿಲ್ಲ. ಎರಡನೆಯವರ ದೇಹ ಈ ರೋಗಾಣುವನ್ನು ಶತ್ರು ಎಂದು ಎದುರಿಸುತ್ತಲೇ ಇರಲಿಲ್ಲ. ಹಾಗಂತ ಅವರು ಎಲ್ಲ ರೋಗಕ್ಕೂ ಸುಲಭವಾಗಿ ತುತ್ತಾಗುವ ದುರ್ಬಲರಲ್ಲ. ಬೇರೆ ರೋಗಾಣುಗಳನ್ನು ಅವರ ದೇಹ ಸರಿಯಾಗಿಯೇ ಎದುರಿಸುತ್ತದೆ.

1966ರಲ್ಲಿ ರಿಡ್ಲಿ ಮತ್ತು ಜೋಪ್ಲಿಂಗ್ ಎಂಬ ವಿಜ್ಞಾನಿಗಳು ಕುಷ್ಠವನ್ನು ಐದು ಮೆಟ್ಟಿಲುಗಳಾಗಿ ಜೋಡಿಸಿದರು. ಒಂದು ತುದಿಗೆ ಟ್ಯೂಬರ್ಕುಲಾಯ್ಡ್, ಇನ್ನೊಂದು ತುದಿಗೆ ಲೆಪ್ರೊಮ್ಯಾಟಸ್, ನಡುವೆ ಮೂರು ಹಂತ. ಎರಡು ತುದಿಗಳನ್ನು ಹೀಗೆ ನೆನಪಿಟ್ಟುಕೊಳ್ಳಿ:

ಟ್ಯೂಬರ್ಕುಲಾಯ್ಡ್: ಟಿ ಕೋಶಗಳ ಹೋರಾಟ ಜೋರು, ರೋಗಾಣು ತೀರಾ ಕಡಿಮೆ, ಮಚ್ಚೆ ಒಂದೋ ಎರಡೋ.
ಲೆಪ್ರೊಮ್ಯಾಟಸ್: ಟಿ ಕೋಶಗಳ ಹೋರಾಟ ಇಲ್ಲವೆನ್ನುವಷ್ಟು ಕಡಿಮೆ, ಪ್ರತಿಕಾಯ ಹೆಚ್ಚು, ರೋಗಾಣು ವಿಪರೀತ, ಮಚ್ಚೆ, ಗಂಟು ಅನೇಕ.

ಮುಂದಿನ ಹೆಜ್ಜೆ ಸಂದೇಶಗಳನ್ನೇ ಓದುವುದು. 1986ರಲ್ಲಿ ಸಂಶೋಧಕರು ಲೆಪ್ರೊಮ್ಯಾಟಸ್ ರೋಗಿಗಳ ಚರ್ಮದ ಒಂದು ಜಾಗಕ್ಕೆ ಇಂಟರ್‌ಫೆರಾನ್ ಗಾಮಾ ಚುಚ್ಚಿದರು. ಅಲ್ಲಿಗೆ ಟಿ ಕೋಶಗಳು, ಮ್ಯಾಕ್ರೋಫೇಜ್‌ಗಳು ಬಂದು ಸೇರಿದವು, ರೋಗಾಣು ಕಡಿಮೆಯಾಯಿತು. 1991ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಚರ್ಮವೈದ್ಯ ರಾಬರ್ಟ್ ಮಾಡ್ಲಿನ್ ಅವರ ತಂಡ ಎರಡೂ ಬಗೆಯ ರೋಗಿಗಳ ಚರ್ಮದ ಚೂರುಗಳನ್ನು ಪರೀಕ್ಷಿಸಿತು. ಟ್ಯೂಬರ್ಕುಲಾಯ್ಡ್ ಚೂರಿನಲ್ಲಿ ಇಂಟರ್‌ಫೆರಾನ್ ಗಾಮಾ, ಇಂಟರ್‌ಲ್ಯೂಕಿನ್ 2 ಎಂಬ "ಹೋರಾಡು" ಸಂದೇಶಗಳು ಎದ್ದು ಕಂಡವು. ಲೆಪ್ರೊಮ್ಯಾಟಸ್ ಚೂರಿನಲ್ಲಿ ಇಂಟರ್‌ಲ್ಯೂಕಿನ್ 4, 5 ಮತ್ತು 10 ಹೆಚ್ಚಿದ್ದವು. ಇವು ಪ್ರತಿಕಾಯದ ಕಡೆಗೆ ಒಲಿಸಿ, ಮ್ಯಾಕ್ರೋಫೇಜ್‌ಗಳನ್ನು ತಣ್ಣಗಿಡುವ ಸಂದೇಶಗಳು.

ಇಲಿಗಳಲ್ಲಿ ಮೊದಲು ಗೊತ್ತಾಗಿದ್ದ ಈ ಎರಡು ಬಗೆಯ ಪ್ರತಿಕ್ರಿಯೆ ಮನುಷ್ಯರ ರೋಗದಲ್ಲೂ ಇದೆ ಎಂದು ಹೀಗೆ ಕಣ್ಣಾರೆ ಕಂಡಂತಾಯಿತು. ಕುಷ್ಠದ ಜಗಳ ನಡೆಯುವುದು ಚರ್ಮದಲ್ಲಿ. ಯಕೃತ್ತಿನ ಚೂರು ತೆಗೆಯುವುದು ಕಷ್ಟ; ಚರ್ಮದ ಚೂರು ತೆಗೆಯುವುದು ಅಷ್ಟು ಕಷ್ಟವಲ್ಲ. ಆದ್ದರಿಂದಲೇ ಈ ಹಳೆಯ ರೋಗ ರೋಗನಿರೋಧಕ ವಿಜ್ಞಾನಕ್ಕೆ ಒಳ್ಳೆಯ ಪಾಠಶಾಲೆಯಾಯಿತು.

ಗೆದ್ದರೂ ನಷ್ಟ

ಹಾಗಾದರೆ ಜೋರಾಗಿ ಹೋರಾಡುವ ದೇಹವೇ ಪುಣ್ಯವಂತ ಎನ್ನಬೇಡಿ. ಈ ರೋಗಾಣು ನರತಂತುಗಳ ಸುತ್ತ ಇರುವ ಶ್ವಾನ್ ಕೋಶಗಳಲ್ಲೂ ಅಡಗುತ್ತದೆ. ಟಿ ಕೋಶಗಳ ದಾಳಿ ಅಲ್ಲಿಗೆ ತಲುಪಿದಾಗ ರೋಗಾಣುವಿನ ಜೊತೆ ನರವೂ ಹಾಳಾಗುತ್ತದೆ. ಇಲಿ ಹಿಡಿಯಲು ಹೋಗಿ ಕಣಜವನ್ನೇ ಕೆಡವಿದ ಹಾಗೆ. ಟ್ಯೂಬರ್ಕುಲಾಯ್ಡ್ ರೂಪದಲ್ಲಿ ಒಂದೆರಡು ನರಗಳಿಗೆ ಬೇಗ ಪೆಟ್ಟು ಬೀಳುತ್ತದೆ. ಲೆಪ್ರೊಮ್ಯಾಟಸ್ ರೂಪದಲ್ಲಿ ಹಾನಿ ನಿಧಾನ, ಆದರೆ ಹಲವು ನರಗಳಿಗೆ ಹರಡುತ್ತದೆ.

ಚಿಕಿತ್ಸೆಯ ನಡುವೆ, ಕೆಲವೊಮ್ಮೆ ಮುಗಿದ ಮೇಲೂ, ಮಚ್ಚೆಗಳು ದಿಢೀರನೆ ಕೆಂಪಾಗಿ ಊದಿಕೊಳ್ಳಬಹುದು, ನರ ನೋಯಬಹುದು, ಕೈ ಕಾಲಿನ ಬಲ ಕಡಿಮೆಯಾಗಬಹುದು. ಇದಕ್ಕೆ ವೈದ್ಯರು ರಿಯಾಕ್ಷನ್ ಎನ್ನುತ್ತಾರೆ. ಇದು ಔಷಧ ಕೆಟ್ಟದ್ದೆಂಬ ಸೂಚನೆಯಲ್ಲ, ದೇಹದ ಪ್ರತಿಕ್ರಿಯೆ ಕೆರಳಿದ್ದರ ಸೂಚನೆ. ಗುಳಿಗೆ ನಿಲ್ಲಿಸದೆ ತಕ್ಷಣ ಆಸ್ಪತ್ರೆಗೆ ಹೋದರೆ ಪ್ರೆಡ್ನಿಸೊಲೋನ್‌ನಂಥ ಔಷಧದಿಂದ ನರವನ್ನು ಉಳಿಸಿಕೊಳ್ಳಬಹುದು.

"ಕುಷ್ಠದಲ್ಲಿ ಬೆರಳು ಕೊಳೆತು ಉದುರುತ್ತದೆ" ಎಂಬ ಮಾತು ಕೇಳಿರುತ್ತೀರಿ. ಅದು ನಿಜವಲ್ಲ. ತಮಿಳುನಾಡಿನ ವೆಲ್ಲೂರಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರಾಂಡ್ ತೋರಿಸಿಕೊಟ್ಟದ್ದು ಇದನ್ನೇ: ಸ್ಪರ್ಶ ಹೋದ ಕೈಗೆ ಬಿಸಿ ಪಾತ್ರೆ ಸುಟ್ಟರೂ ತಿಳಿಯದು, ಕಾಲಿಗೆ ಮುಳ್ಳು ಚುಚ್ಚಿದರೂ ತಿಳಿಯದು. ಗಾಯದ ಮೇಲೆ ಗಾಯವಾಗಿ, ಕೀವಾಗಿ, ಮೂಳೆ ಸವೆದು ಬೆರಳು ಮೊಟಕಾಗುತ್ತದೆ. ನೋವು ಎಷ್ಟು ದೊಡ್ಡ ಕಾವಲುಗಾರ ನೋಡಿ!

ನೀವು ಮಾಡಿ ನೋಡಿ

ಸ್ವಲ್ಪ ಹತ್ತಿ ತೆಗೆದುಕೊಂಡು ತುದಿಯನ್ನು ಎಳೆಯಾಗಿ ಹೊಸೆಯಿರಿ. ಗೆಳೆಯನೋ ಗೆಳತಿಯೋ ಕಣ್ಣು ಮುಚ್ಚಲಿ. ಮುಂಗೈ ಮೇಲೆ ಬೇರೆ ಬೇರೆ ಕಡೆ ಹತ್ತು ಸಲ ಎಳೆಯನ್ನು ಮೆಲ್ಲಗೆ ತಾಗಿಸಿ. ತಾಗಿದ ಜಾಗವನ್ನು ಅವರು ಬೆರಳಿನಿಂದ ತೋರಿಸಬೇಕು. ಎಷ್ಟು ಸಲ ಸರಿಯಾಯಿತು, ಬರೆದಿಡಿ. ಮೊಣಕೈ ಮೇಲೆ ಇದನ್ನೇ ಮಾಡಿ ಹೋಲಿಸಿ. ಆರೋಗ್ಯ ಕಾರ್ಯಕರ್ತರು ಮಚ್ಚೆಯ ಸ್ಪರ್ಶ ಪರೀಕ್ಷಿಸುವುದೂ ಇಂಥದೇ ಕ್ರಮದಲ್ಲಿ. ರೋಗ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಮಾತ್ರ ವೈದ್ಯರ ಕೆಲಸ. ನೀವು ಯಾರಿಗೂ ಹೆಸರಿಡಬೇಡಿ.

ಚಕ್ಕಳಮಕ್ಕಳ ಹಾಕಿ ಕೂತಾಗ ಕಾಲು ಜೋಮು ಹಿಡಿದು ಬಿಟ್ಟುಹೋಗುತ್ತದಲ್ಲ, ಅದು ಬೇರೆ. ಕುಷ್ಠದ ಮಚ್ಚೆಯ ಮರಗಟ್ಟುವಿಕೆ ಹಾಗೇ ಉಳಿಯುತ್ತದೆ. ತೊನ್ನು ಕೂಡ ಬೇರೆ: ಅದರಲ್ಲಿ ಚರ್ಮ ಹಾಲಿನಂತೆ ಬೆಳ್ಳಗಾಗುತ್ತದೆ, ಸ್ಪರ್ಶ ಇರುತ್ತದೆ, ಅದು ಅಂಟುವುದೂ ಇಲ್ಲ. ಕುಷ್ಠದ ಮಚ್ಚೆ ಮಾಸಲು ಅಥವಾ ಕೆಂಪು ಛಾಯೆಯದು. ತುರಿಸುವುದಿಲ್ಲ, ನೋಯುವುದಿಲ್ಲ. ತೊಂದರೆ ಕೊಡದ ಮಚ್ಚೆಯನ್ನು ಯಾರು ತಾನೇ ತೋರಿಸುತ್ತಾರೆ? ಅಪಾಯ ಇರುವುದೇ ಅಲ್ಲಿ.

ಗಡಿನಾಡಿನ ನಮಗೆ ಇನ್ನೊಂದು ಕೆಲಸವೂ ಇದೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ಕೇಳುವುದು ರಾಜ್ಯದ ಭಾಷೆಯಲ್ಲಿ. ಅಜ್ಜಿ ತಾತ ಉತ್ತರಿಸುವುದು ಕನ್ನಡದಲ್ಲಿ. ನಡುವೆ ನೀವು ನಿಂತು ತಿಳಿಸಿ ಹೇಳಬಹುದು. ಸ್ಪರ್ಶವಿಲ್ಲದ ಮಚ್ಚೆಗೆ ಮಲಯಾಳದಲ್ಲಿ "ಸ್ಪರ್ಶನಶೇಷಿ ಕುರಞ್ಞ ಪಾಡು", ತಮಿಳಿನಲ್ಲಿ "ಉಣರ್ಚಿಯಟ್ರ ತೇಮಲ್", ಮರಾಠಿಯಲ್ಲಿ "ಬಧೀರ ಚಟ್ಟಾ", ತೆಲುಗಿನಲ್ಲಿ "ಸ್ಪರ್ಶ ಲೇನಿ ಮಚ್ಚ" ಎನ್ನುತ್ತಾರೆ.

ಭಯ ಬೇಡ, ತಡವೂ ಬೇಡ

100 ಜನರಲ್ಲಿ ಸುಮಾರು 95 ಮಂದಿಗೆ ಈ ರೋಗವನ್ನು ಎದುರಿಸುವ ಶಕ್ತಿ ಹುಟ್ಟಿನಿಂದಲೇ ಇದೆ. ಚಿಕಿತ್ಸೆ ಪಡೆಯದ ರೋಗಿಯ ಜೊತೆ ಬಹುಕಾಲ ಒಡನಾಡಿದಾಗ, ಮೂಗು ಬಾಯಿಯ ಹನಿಗಳಿಂದ ಇದು ಹರಡಬಹುದು. ಕೈ ಕುಲುಕಿದರೆ, ಜೊತೆಗೆ ಕೂತು ಉಂಡರೆ ಬರುವುದಿಲ್ಲ. ಚಿಕಿತ್ಸೆ ಶುರುವಾದ ಮೇಲೆ ರೋಗಿಯಿಂದ ರೋಗ ಹರಡುವುದು ಬೇಗನೆ ನಿಲ್ಲುತ್ತದೆ.

ಬಹು ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿತು. ಡ್ಯಾಪ್ಸೋನ್ ಒಂದನ್ನೇ ಕೊಡುತ್ತಿದ್ದ ಕಾಲದಲ್ಲಿ ರೋಗಾಣು ಅದಕ್ಕೆ ಬಗ್ಗದಂತಾಗಿತ್ತು. ಅದಕ್ಕೇ ಈಗ ರಿಫಾಂಪಿಸಿನ್, ಕ್ಲೊಫಾಜಿಮೈನ್, ಡ್ಯಾಪ್ಸೋನ್ ಸೇರಿಸಿ, ಮಚ್ಚೆ ಕಡಿಮೆಯಿದ್ದರೆ 6 ತಿಂಗಳು, ಹೆಚ್ಚಿದ್ದರೆ 12 ತಿಂಗಳು ಕೊಡುತ್ತಾರೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇದು ಉಚಿತ. ಮೂತ್ರ ಕೆಂಪಾದರೆ, ಚರ್ಮ ಸ್ವಲ್ಪ ಕಪ್ಪಾದರೆ ಗಾಬರಿ ಬೇಡ, ಅದು ಗುಳಿಗೆಯ ಬಣ್ಣ.

ನಮ್ಮ ದೇಶದಲ್ಲಿ 2005ರ ಕೊನೆಗೆ ರೋಗಿಗಳ ಪ್ರಮಾಣ 10,000ಕ್ಕೆ ಒಂದಕ್ಕಿಂತ ಕಡಿಮೆಯಾಯಿತು. ಆದರೂ 2023ರಲ್ಲಿ ಇಲ್ಲಿ ಪತ್ತೆಯಾದ ಹೊಸ ರೋಗಿಗಳು ಒಂದು ಲಕ್ಷಕ್ಕೂ ಹೆಚ್ಚು. ಭಯದಿಂದ ಮಚ್ಚೆ ಮುಚ್ಚಿಡುತ್ತಾರೆ, ಮುಚ್ಚಿಟ್ಟರೆ ನರ ಹೋಗುತ್ತದೆ, ನರ ಹೋದ ಕೈ ನೋಡಿ ಜನ ಇನ್ನಷ್ಟು ಹೆದರುತ್ತಾರೆ. ಔಷಧ ರೋಗಾಣುವನ್ನು ಕೊಲ್ಲಬಲ್ಲದು, ಸತ್ತ ನರವನ್ನು ಮರಳಿ ತರಲಾರದು. ಆದ್ದರಿಂದ ನಿಮ್ಮ ಮೈಮೇಲೋ ಮನೆಯವರ ಮೈಮೇಲೋ ಸ್ಪರ್ಶವಿಲ್ಲದ ಮಚ್ಚೆ ಕಂಡರೆ ಈ ವಾರವೇ ಮನೆಯಲ್ಲಿ ಹೇಳಿ, ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ.

ಯೋಚಿಸಿ ಉತ್ತರಿಸಿ

1. ಲೆಪ್ರೊಮ್ಯಾಟಸ್ ರೋಗಿಯಲ್ಲಿ ಪ್ರತಿಕಾಯಗಳು ಹೆಚ್ಚಿದ್ದರೂ ರೋಗ ಯಾಕೆ ತಗ್ಗುವುದಿಲ್ಲ?
2. ಈ ರೋಗದಲ್ಲಿ ಕಿವಿಯ ಹಾಲೆ ದಪ್ಪವಾಗುವುದಕ್ಕೂ ಅಲ್ಲಿನ ಶಾಖಕ್ಕೂ ಏನು ಸಂಬಂಧ?
3. "ನೋವಿಲ್ಲ, ಹಾಗಾಗಿ ತೊಂದರೆಯಿಲ್ಲ" ಎನ್ನುವ ನೆರೆಮನೆಯವರಿಗೆ ನೀವು ಏನು ಹೇಳುತ್ತೀರಿ? ಐದು ವಾಕ್ಯಗಳಲ್ಲಿ ಬರೆಯಿರಿ.