ಅಲೆಗಳ ಲೆಕ್ಕ ಮತ್ತು ನನ್ನ ಫೀಸಿನ ರೊಕ್ಕ

ಕಳೆದ ವರ್ಷ ನಾಲತವಾಡದ ಬಸ್ ನಿಲ್ದಾಣದ ಹತ್ತಿರ ನಮ್ಮ ಓಣಿಯ ಅಣ್ಣನೊಬ್ಬ ಮೊಬೈಲಿನಲ್ಲಿ ಏರಿಳಿಯುವ ಗೆರೆಯೊಂದನ್ನು ತೋರಿಸಿದ. “ತಮ್ಮಾ, ಇದು ಡಾಲರ್ ರೇಟ್. ಮೂರನೇ ಅಲೆ ಸುರು ಆಗೈತಿ. ನಿನ್ನ ಫೀಸಿನ ರೊಕ್ಕ ಕೊಡು, ತಿಂಗಳದಾಗ ಡಬಲ್ ಮಾಡಿ ಕೊಡ್ತೀನಿ” ಎಂದ. ಕೊಡುವ ಮೊದಲು ಈ ಅಲೆ ಎಂದರೇನೆಂದು ತಿಳಿಯಲು ಓದತೊಡಗಿದೆ. ವಾಣಿಜ್ಯ ವಿಭಾಗದ ಗೆಳೆಯರಿಗೆ ಉಪಯೋಗವಾಗಲೆಂದು ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ಸಿದ್ಧಾಂತ ಅಮೆರಿಕದ ಲೆಕ್ಕಿಗ ರಾಲ್ಫ್ ನೆಲ್ಸನ್ ಎಲಿಯಟ್ ಅವರದು. ಇದರ ಪುಸ್ತಕ 1938ರಲ್ಲಿ ಬಂತು. ಬೆಲೆಯು ಮುಖ್ಯ ದಿಕ್ಕಿನಲ್ಲಿ 5 ಅಲೆಗಳಾಗಿ ಸಾಗಿ, 3 ಅಲೆಗಳಾಗಿ ಹಿಂದೆ ಸರಿಯುತ್ತದೆ ಎಂಬುದು ಇದರ ಸಾರ. ನಿಯಮಗಳು ಮೂರು:

1. 2ನೇ ಅಲೆ 1ನೇ ಅಲೆಯ ಆರಂಭಕ್ಕಿಂತ ಕೆಳಗೆ ಇಳಿಯಬಾರದು.
2. 1, 3, 5ನೇ ಅಲೆಗಳಲ್ಲಿ 3ನೆಯದು ಅತಿ ಚಿಕ್ಕದಾಗಬಾರದು.
3. 4ನೇ ಅಲೆ 1ನೇ ಅಲೆಯ ವ್ಯಾಪ್ತಿಯೊಳಗೆ ಬರಬಾರದು.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಡಾಲರ್ 83.00ರಿಂದ 84.00 ರೂಪಾಯಿಗೆ ಏರಿತು. ಇದು 1ನೇ ಅಲೆ. ಫಿಬೊನಾಚಿ ಅನುಪಾತ 0.618ರಷ್ಟು ಇಳಿದರೆ 83.38. ಅಲ್ಲಿ 1000 ಡಾಲರ್ ಕೊಂಡೆವು. 83.00ಕ್ಕಿಂತ ಕೆಳಗಿಳಿದರೆ ನಮ್ಮ ಎಣಿಕೆ ತಪ್ಪು, 82.95ಕ್ಕೆ ಮಾರಿ ಹೊರಬರಬೇಕು. ನಷ್ಟ 430 ರೂಪಾಯಿ. 3ನೇ ಅಲೆ ಮೊದಲನೆಯದರ 1.618 ಪಟ್ಟು ಏರಿದರೆ ಬೆಲೆ ಸುಮಾರು 85.00, ಲಾಭ 1,620 ರೂಪಾಯಿ. ಅಂದರೆ ಅಲೆ ಹೇಳುವುದು ಭವಿಷ್ಯವನ್ನಲ್ಲ, ಎಲ್ಲಿ ಸೋಲೊಪ್ಪಿಕೊಳ್ಳಬೇಕು ಎಂಬುದನ್ನು.

ಆಮೇಲೆ ನಾನೂ ಗೆಳೆಯನೂ ಒಂದೇ ನಕ್ಷೆಯನ್ನು ಬೇರೆ ಬೇರೆ ಕುಳಿತು ಎಣಿಸಿದೆವು. ನನಗೆ ಅದು 3ನೇ ಅಲೆ, ಅವನಿಗೆ 5ನೆಯದು! ನಾನು ಕೊಳ್ಳುವ ಕಡೆ ಅವನು ಮಾರುತ್ತಿದ್ದ. ಇಬ್ಬರೂ ನಿಯಮ ಮುರಿದಿರಲಿಲ್ಲ. ಈ ವಿದ್ಯೆಯ ದೊಡ್ಡ ಕೊರತೆ ಇದೇ.

ಕಾನೂನನ್ನೂ ಓದಿದೆ. ನಮ್ಮ ದೇಶದಲ್ಲಿ ಇಂಥ ವ್ಯವಹಾರ ರಿಸರ್ವ್ ಬ್ಯಾಂಕ್ ಅನುಮತಿಸಿದ ವೇದಿಕೆಗಳಲ್ಲಿ ಅಥವಾ ಮಾನ್ಯತೆ ಪಡೆದ ಷೇರು ವಿನಿಮಯ ಕೇಂದ್ರಗಳಲ್ಲಿ ಮಾತ್ರ ನಡೆಯಬೇಕು. ಅನುಮತಿಯಿಲ್ಲದ ಆ್ಯಪ್‌ಗಳ ಎಚ್ಚರಿಕೆ ಪಟ್ಟಿಯನ್ನು ಬ್ಯಾಂಕ್ 2022ರಲ್ಲಿ ಹೊರಡಿಸಿತು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅನುಮತಿ ಇದೆ ಎಂದರ್ಥವಲ್ಲ.

ಅಣ್ಣನಿಗೆ ಎರಡೇ ಪ್ರಶ್ನೆ ಕೇಳಿದೆ: “ಈ ಆ್ಯಪ್‌ಗೆ ಪರವಾನಗಿ ಐತೇನಣ್ಣ? ಎಣಿಕೆ ತಪ್ಪಿದರ ಎಲ್ಲಿ ಹೊರಗ ಬರ್ತಿ?” ಅವನು ಮೊಬೈಲ್ ಕಿಸೆಗೆ ಹಾಕಿಕೊಂಡ. ನಾನು ಮರುದಿನ ಫೀಸು ಕಟ್ಟಿ ರಸೀದಿ ತಂದೆ.